ಕನ್ನಡ ಮೀಡಿಯಂನಿಂದ ಪಿಸಿಎಂಬಿಗೆ: ಫಸ್ಟ್ ಪಿಯು ಬಯಾಲಜಿಯಲ್ಲಿ ಏನೇನಿರುತ್ತೆ?

ಪಿಸಿಎಂಬಿ_ಹೊಸಬಳು

ಎಸ್ಸೆಸ್ಸೆಲ್ಸಿ ಸ್ಟೇಟ್ ಸಿಲಬಸ್, ಕನ್ನಡ ಮೀಡಿಯಂ. ಬೆಂಗಳೂರಿನ ಒಂದು ಪಿಯು ಕಾಲೇಜಲ್ಲಿ ಪಿಸಿಎಂಬಿ ಸಿಕ್ಕಿದೆ. ಕ್ಲಾಸ್ ಶುರುವಾಗೋಕೆ ಇನ್ನೂ ಮೂರು ವಾರ ಇದೆ. ಫಿಸಿಕ್ಸ್, ಮ್ಯಾಥ್ಸ್ ಬಗ್ಗೆ ಎಲ್ಲರೂ ಹೇಳ್ತಾರೆ. ಬಯಾಲಜಿ ಅಂದ್ರೆ ಮಾತ್ರ "ಅದೇನು, ಬಾಯಿಪಾಠ ಹೊಡೆದರೆ ಆಯ್ತು" ಅಂತ ಮುಗಿಸ್ತಾರೆ. ನಿಜವಾಗಿ ಹೇಗಿರುತ್ತೆ?

ಕೇಳಬೇಕಿರೋದು ಇಷ್ಟು. ಹತ್ತನೇ ಕ್ಲಾಸಿಗೂ ಇದಕ್ಕೂ ಎಷ್ಟು ವ್ಯತ್ಯಾಸ? ಲ್ಯಾಬಲ್ಲಿ ಏನು ಮಾಡಿಸ್ತಾರೆ, ಕಪ್ಪೆ ಕೊಯ್ಯಬೇಕಾ? ಚಿತ್ರ ಬರೆಯೋಕೆ ಕೈ ಓಡಲ್ಲ ಅನ್ನೋರು ಏನು ಮಾಡಬೇಕು? ಈ ಮೂರು ವಾರದಲ್ಲಿ ಓದಿಟ್ಟುಕೊಳ್ಳೋಕೆ ಏನಾದ್ರೂ ಇದೆಯಾ?

ಕೋಶಕೇಂದ್ರ

ಮೊದಲು ಪುಸ್ತಕದ ವಿಷಯ. ಎನ್‌ಸಿಇಆರ್‌ಟಿಯ 11ನೇ ತರಗತಿ ಬಯಾಲಜಿಯೇ ಫಸ್ಟ್ ಪಿಯು ಪಠ್ಯ. ಈಗಿನ ಮುದ್ರಣದಲ್ಲಿ 19 ಅಧ್ಯಾಯಗಳಿವೆ, ಹಿಂದೆ 22 ಇದ್ದವು. ಅವೆನ್ಯೂ ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ದುಡ್ಡು ಕೊಡುವ ಮುಂಚೆ ಏಳನೇ ಅಧ್ಯಾಯ ತೆಗೆದು ನೋಡಿ. ಎರೆಹುಳು, ಜಿರಳೆ ಇದ್ದರೆ ಹಳೆಯದು; ಕಪ್ಪೆ ಒಂದೇ ಇದ್ದರೆ ಹೊಸದು. ಹಳೆಯದು ಕೊಂಡರೂ ಮುಳುಗಿಹೋಗುವುದೇನಿಲ್ಲ. ಸಸ್ಯಗಳಲ್ಲಿ ಸಾಗಾಣಿಕೆ, ಖನಿಜ ಪೋಷಣೆ, ಪಚನಕ್ರಿಯೆ ಈ ಮೂರು ಅಧ್ಯಾಯ ಬಿಟ್ಟು ಓದಿದರಾಯಿತು. ಆದರೆ ಅಧ್ಯಾಯದ ಸಂಖ್ಯೆ ಹೊಂದುವುದಿಲ್ಲ. ಮೇಷ್ಟ್ರು "ಹನ್ನೊಂದನೇ ಚಾಪ್ಟರ್ ತೆಗೀರಿ" ಅಂದಾಗ ನಿಮ್ಮ ಪುಸ್ತಕದಲ್ಲಿ ದ್ಯುತಿಸಂಶ್ಲೇಷಣೆ ಬದಲು ಬೇರೇನೋ ಬರುತ್ತದೆ.

ಒಳಗಿರುವುದು ಐದು ಘಟಕ: ಜೀವಿಗಳ ವೈವಿಧ್ಯ ಮತ್ತು ವರ್ಗೀಕರಣ, ಸಸ್ಯ-ಪ್ರಾಣಿಗಳ ರಚನೆ, ಜೀವಕೋಶ, ಸಸ್ಯಗಳ ಶರೀರಕ್ರಿಯೆ, ಮನುಷ್ಯನ ಶರೀರಕ್ರಿಯೆ. ಮೆಂಡೆಲ್, ಡಿಎನ್‌ಎ, ಸಂತಾನೋತ್ಪತ್ತಿ, ಪರಿಸರ ಎಲ್ಲ ಸೆಕೆಂಡ್ ಪಿಯುಗೆ. ಬಹುತೇಕ ಕಾಲೇಜುಗಳಲ್ಲಿ ಬಾಟನಿಗೆ ಒಬ್ಬರು, ಜುವಾಲಜಿಗೆ ಒಬ್ಬರು ಉಪನ್ಯಾಸಕರು. ಇಬ್ಬರೂ ಒಂದೇ ಸಮಯಕ್ಕೆ ಬೇರೆ ಬೇರೆ ಅಧ್ಯಾಯ ನಡೆಸುತ್ತಾರೆ. ಆದ್ದರಿಂದ ಪಾಠ ಪುಸ್ತಕದ ಕ್ರಮದಲ್ಲಿ ಹೋಗುವುದಿಲ್ಲ. ಮೊದಲ ದಿನದಿಂದಲೇ ಎರಡು ನೋಟ್ಸ್ ಪುಸ್ತಕ ಇಡಿ.

ಹತ್ತನೇ ಕ್ಲಾಸಿಗೂ ಇದಕ್ಕೂ ವ್ಯತ್ಯಾಸ ಏನೆಂದರೆ, ಅಲ್ಲಿ ಒಂದು ವಾಕ್ಯವಾಗಿದ್ದದ್ದು ಇಲ್ಲಿ ಎರಡು ಪುಟ ಆಗುತ್ತದೆ. ಮೂತ್ರಪಿಂಡ ತಗೊಳ್ಳಿ. ನೆಫ್ರಾನ್ ರಕ್ತವನ್ನು ಸೋಸುತ್ತದೆ ಎಂದರೆ ಹತ್ತನೆಯಲ್ಲಿ ಅಂಕ ಸಿಕ್ಕಿತು. ಇಲ್ಲಿ ಎರಡೂ ಮೂತ್ರಪಿಂಡ ಸೇರಿ ನಿಮಿಷಕ್ಕೆ 125 ಮಿಲಿಲೀಟರ್, ದಿನಕ್ಕೆ 180 ಲೀಟರ್ ಸೋಸುತ್ತವೆ ಅಂತ ಓದುತ್ತೀರಿ. ಹೊರಗೆ ಹೋಗುವುದು ಒಂದೂವರೆ ಲೀಟರ್ ಆಸುಪಾಸು. ಉಳಿದದ್ದು ಎಲ್ಲಿ ಹೋಯಿತು? ನಳಿಕೆಯ ಯಾವ ಭಾಗ ಎಷ್ಟು ನೀರು, ಯಾವ ಲವಣ ಹಿಂದಕ್ಕೆ ಎಳೆದುಕೊಂಡಿತು? ಆ ನಳಿಕೆಯಲ್ಲಿ ಹೇರ್‌ಪಿನ್‌ನಂತೆ ಬಾಗಿದ ಹೆನ್ಲೆಯ ಕುಣಿಕೆಯ ಇಳಿಯುವ ಕಾಲು ನೀರು ಬಿಡುತ್ತದೆ, ಏರುವ ಕಾಲು ನೀರು ಬಿಡುವುದಿಲ್ಲ, ಯಾಕೆ? ಪ್ರಶ್ನೆ ಬರುವುದು ಇಲ್ಲಿಂದ. ಬಾಯಿಪಾಠ ಹೊಡೆದವರು ಸರಿಯಾಗಿ ಇಂಥಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಎರಡು ಕಾಲು ಅದಲುಬದಲಾದರೆ ಇಡೀ ಉತ್ತರ ತಲೆಕೆಳಗು.

ಕನ್ನಡ ಮೀಡಿಯಂನವರಿಗೆ ನಿಜವಾದ ಹೊರೆ ವಿಷಯದ್ದಲ್ಲ, ಪದಗಳದ್ದು. ಪತ್ರರಂಧ್ರ ಗೊತ್ತು, ಸ್ಟೊಮಾಟಾ ಅಂದಾಗ ಒಂದು ಕ್ಷಣ ತಡವರಿಸುತ್ತೀರಿ. ಅಷ್ಟರಲ್ಲಿ ಪಾಠ ಮೂರು ವಾಕ್ಯ ಮುಂದೆ ಹೋಗಿರುತ್ತದೆ. ಮೂರು ವಾರದಲ್ಲಿ ಮಾಡಬಹುದಾದ ಅತ್ಯಂತ ಲಾಭದ ಕೆಲಸ ಹೇಳುತ್ತೇನೆ. ಹತ್ತನೆಯ ಜೀವಕ್ರಿಯೆಗಳು, ನಿಯಂತ್ರಣ ಮತ್ತು ಸಹಭಾಗಿತ್ವ ಅಧ್ಯಾಯಗಳ ಕನ್ನಡ ಪುಸ್ತಕ, ಇಂಗ್ಲಿಷ್ ಪುಸ್ತಕ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿ. ಪಾಠ ಒಂದೇ, ಚಿತ್ರ ಒಂದೇ. ಗೊತ್ತಿರುವ ವಿಷಯವನ್ನು ಗೊತ್ತಿಲ್ಲದ ಪದಗಳಲ್ಲಿ ಓದಿದರೆ ಪದ ತಾನಾಗಿ ಕೂರುತ್ತದೆ. ಗೊತ್ತಿಲ್ಲದ ವಿಷಯವನ್ನೂ ಗೊತ್ತಿಲ್ಲದ ಪದದಲ್ಲೇ ಓದಲು ಹೊರಟರೆ ಎರಡೂ ಕೈಗೆ ಸಿಗುವುದಿಲ್ಲ.

ಆಮೇಲೆ ಪದಗಳನ್ನು ಒಡೆದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಸೈಟ್ ಅಂದರೆ ಕೋಶ: ಎರಿಥ್ರೊಸೈಟ್ ಕೆಂಪು ಕೋಶ, ಲ್ಯೂಕೊಸೈಟ್ ಬಿಳಿ ಕೋಶ. ಲೈಸಿಸ್ ಅಂದರೆ ಒಡೆಯುವುದು: ಗ್ಲೈಕಾಲಿಸಿಸ್, ಹೈಡ್ರಾಲಿಸಿಸ್, ಪ್ಲಾಸ್ಮಾಲಿಸಿಸ್. ಎಪಿ ಮೇಲೆ, ಎಂಡೊ ಒಳಗೆ, ಹೈಪೊ ಕಡಿಮೆ ಅಥವಾ ಕೆಳಗೆ, ಹೈಪರ್ ಹೆಚ್ಚು. ಇಂಥ ಮೂವತ್ತು ತುಣುಕು ಗೊತ್ತಿದ್ದರೆ ಮುನ್ನೂರು ಪದ ಹೆದರಿಸುವುದಿಲ್ಲ. ಹೆದರಬೇಕಾದದ್ದು ಅವಳಿ ಪದಗಳಿಗೆ: ಗ್ಲೂಕಗಾನ್ ಒಂದು ಹಾರ್ಮೋನು, ಗ್ಲೈಕೊಜೆನ್ ಯಕೃತ್ತಿನಲ್ಲಿ ಶೇಖರವಾಗುವ ಸಕ್ಕರೆಯ ರೂಪ. ಯುರೇಟರ್ ಮೂತ್ರಪಿಂಡದಿಂದ ಚೀಲಕ್ಕೆ, ಯುರೇತ್ರಾ ಚೀಲದಿಂದ ಹೊರಕ್ಕೆ. ಕ್ರೊಮ್ಯಾಟಿನ್, ಕ್ರೊಮ್ಯಾಟಿಡ್, ಕ್ರೋಮೊಸೋಮ್ ಮೂರೂ ಬೇರೆ. ಇವನ್ನು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿ.

ಕಪ್ಪೆ ಕೊಯ್ಯಿಸುವುದಿಲ್ಲ. ಪುಸ್ತಕದಲ್ಲಿರುವ ಗೂಳಿಗಪ್ಪೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿದೆ. ಚಿತ್ರ, ಮಾಡೆಲ್, ಬಾಟಲಿಯಲ್ಲಿಟ್ಟ ಮಾದರಿ, ಅಷ್ಟೇ.

40ಎಕ್ಸ್

ಲ್ಯಾಬ್ ಬಗ್ಗೆ ಬರೀತೀನಿ. ಸಾಮಾನ್ಯವಾಗಿ ವಾರಕ್ಕೊಂದು ಸಲ, ಎರಡು ಗಂಟೆ, ಬ್ಯಾಚ್ ಮಾಡಿ ಕಳಿಸ್ತಾರೆ. ಥಿಯರಿಗೆ 70, ಪ್ರಾಕ್ಟಿಕಲ್‌ಗೆ 30.

ಮೊದಲ ಕೆಲಸ ಮೈಕ್ರೊಸ್ಕೋಪ್ ಹಿಡಿಯೋದು. ಕಣ್ಣಿನ ಲೆನ್ಸು 10ಎಕ್ಸ್, ಕೆಳಗಿನದು 10 ಅಥವಾ 40. ಗುಣಿಸಿದರೆ 100 ಪಟ್ಟು, 400 ಪಟ್ಟು. ಯಾವಾಗಲೂ ಚಿಕ್ಕ ಲೆನ್ಸಿಂದ ಶುರು ಮಾಡಿ. ಪಕ್ಕದಿಂದ ನೋಡ್ತಾ ಲೆನ್ಸನ್ನ ಸ್ಲೈಡಿನ ಹತ್ತಿರ ತಂದು, ಆಮೇಲೆ ಕಣ್ಣಿಟ್ಟು ದೂರ ಸರಿಸ್ತಾ ಫೋಕಸ್ ಮಾಡಬೇಕು. ಎಲ್ಲರೂ ಉಲ್ಟಾ ಮಾಡ್ತಾರೆ: ಕಣ್ಣಿಟ್ಟು ಲೆನ್ಸು ಇಳಿಸ್ತಾ ಹೋಗ್ತಾರೆ, ಟಕ್ ಅಂತ ಕವರ್ ಸ್ಲಿಪ್ ಒಡೆಯುತ್ತೆ. 40ಕ್ಕೆ ಹೋದ ಮೇಲೆ ದೊಡ್ಡ ತಿರುಪು ಮುಟ್ಟಲೇಬೇಡಿ, ಸಣ್ಣದು ಮಾತ್ರ. ಚಿತ್ರ ತಲೆಕೆಳಗೆ ಕಾಣುತ್ತೆ. ಸ್ಲೈಡನ್ನ ಎಡಕ್ಕೆ ತಳ್ಳಿದರೆ ಬಲಕ್ಕೆ ಹೋಗುತ್ತೆ. ಅರ್ಧ ಗಂಟೇಲಿ ಕೈಗೆ ಬರುತ್ತೆ. ಬೆಳಕು ಸಾಲದಿದ್ದರೆ ಕನ್ನಡಿಯ ತಗ್ಗಾದ ಕಡೆ ತಿರುಗಿಸಿ.

ಈರುಳ್ಳಿ ಸಿಪ್ಪೆ: ಹೊರಗಿನ ಒಣ ಸಿಪ್ಪೆ ಅಲ್ಲ. ದಪ್ಪ ಪದರ ಒಂದು ತೆಗೆದು, ಒಳಬಾಗಿದ ಕಡೆ ಚೂರಿಮೊನೆಯಿಂದ ಗೀರಿ, ಪಾರದರ್ಶಕ ಪೊರೆಯನ್ನ ಎಳೀಬೇಕು. ನೇರವಾಗಿ ನೀರಿಗೆ ಹಾಕಿ. ಗಾಳಿಯಲ್ಲಿ ಬಿಟ್ಟರೆ ಸುರುಳಿ ಸುತ್ತಿಕೊಳ್ಳುತ್ತೆ, ಆಮೇಲೆ ಬಿಡಿಸೋಕಾಗಲ್ಲ. 5 ಮಿಲಿಮೀಟರ್ ಚೌಕ ಸಾಕು. ಸಫ್ರಾನಿನ್ ಅನ್ನೋ ಕೆಂಪು ಬಣ್ಣ ಒಂದು ಹನಿ, ಒಂದು ನಿಮಿಷ, ತೊಳೆದು, ಗ್ಲಿಸರಿನ್ ಒಂದು ಹನಿ. ಕವರ್ ಸ್ಲಿಪ್ಪಿನ ಒಂದು ಅಂಚು ಮೊದಲು ತಾಗಿಸಿ, 45 ಡಿಗ್ರಿ ಓರೆಯಿಟ್ಟು, ಸೂಜಿ ಆಸರೆಯಲ್ಲಿ ಮೆಲ್ಲಗೆ ಇಳಿಸಿ. ದೊಪ್ಪಂತ ಹಾಕಿದರೆ ಗಾಳಿಗುಳ್ಳೆ. ದಪ್ಪ ಕಪ್ಪು ಅಂಚಿನ ದುಂಡನೆ ಉಂಗುರ ಕಂಡರೆ ಅದು ಗುಳ್ಳೆ, ಜೀವಕೋಶ ಅಲ್ಲ. ಪ್ರತಿ ವರ್ಷ ಯಾರಾದ್ರೂ ಒಬ್ಬರು ಅದಕ್ಕೆ "ನ್ಯೂಕ್ಲಿಯಸ್" ಅಂತ ಬಾಣ ಹಾಕಿ ಬರೆದಿರ್ತಾರೆ.

ಇನ್ನೊಂದು: ಈರುಳ್ಳಿ ಸಿಪ್ಪೇಲಿ ಹಸಿರು ಕಾಣಲ್ಲ. ನೆಲದೊಳಗಿರೋ ಗೆಡ್ಡೆಗೆ ಕ್ಲೋರೊಪ್ಲಾಸ್ಟ್ ಎಲ್ಲಿಂದ ಬರಬೇಕು? ಪುಸ್ತಕದ ಸಸ್ಯಕೋಶದ ಚಿತ್ರದಲ್ಲಿದೆ ಅಂತ ರೆಕಾರ್ಡಲ್ಲಿ ಹಸಿರು ಚುಕ್ಕೆ ಬರೆದರೆ ಸಿಕ್ಕಿಬೀಳ್ತೀರ. ಕಂಡದ್ದು ಬರೀರಿ.

ಈ ವರ್ಷದ ಅತಿ ಕಷ್ಟದ ಸ್ಲೈಡು ಅಂದ್ರೆ ಈರುಳ್ಳಿ ಬೇರಿನ ತುದಿಯ ಮೈಟೊಸಿಸ್, ಅಂದ್ರೆ ಕೋಶ ವಿಭಜನೆ. ಮನೇಲೇ ತಯಾರಿ ಶುರು. ಈರುಳ್ಳಿಯ ಹಳೇ ಒಣ ಬೇರು ಕೆರೆದು, ಅಗಲ ಬಾಯಿಯ ಬಾಟಲಿ ಮೇಲೆ ಬುಡ ಮಾತ್ರ ನೀರಿಗೆ ತಾಗೋ ಹಾಗೆ ಕೂರಿಸಿ. ಗೆಡ್ಡೆ ಮುಳುಗಿದರೆ ಕೊಳೆತು ನಾರುತ್ತೆ. ದಿನಾ ನೀರು ಬದಲಿಸಿ. 4ರಿಂದ 6 ದಿನಕ್ಕೆ ಬಿಳಿ ಬೇರು ಬರುತ್ತೆ. ಬೆಳಗ್ಗೆ 8ರಿಂದ 10ರ ಒಳಗೆ 2-3 ಸೆಂಟಿಮೀಟರ್ ತುದಿ ಕತ್ತರಿಸಿ, ಅಸಿಟಿಕ್ ಆಮ್ಲ 1 ಭಾಗ, ಆಲ್ಕೊಹಾಲ್ 3 ಭಾಗದ ಮಿಶ್ರಣದಲ್ಲಿ 24 ಗಂಟೆ ಇಡ್ತಾರೆ. ವಿಭಜನೆ ಯಾವ ಹಂತದಲ್ಲಿತ್ತೋ ಅಲ್ಲಿಗೇ ನಿಲ್ಲುತ್ತೆ. ಆಮೇಲೆ 70% ಆಲ್ಕೊಹಾಲಲ್ಲಿ ಎಷ್ಟು ದಿನ ಬೇಕಾದರೂ ಇರುತ್ತೆ. ಈ ಮಿಶ್ರಣ ಲ್ಯಾಬಿನೋರೇ ಮಾಡ್ತಾರೆ, ಮನೇಲಿ ಪ್ರಯತ್ನಿಸಬೇಡಿ.

ಸ್ಲೈಡಿನ ದಿನ: ಒಂದು ಬೇರು, ಒಂದು ಹನಿ ದುರ್ಬಲ ಹೈಡ್ರೊಕ್ಲೋರಿಕ್ ಆಮ್ಲ, 2-3 ಹನಿ ಅಸಿಟೊಕಾರ್ಮಿನ್ ಬಣ್ಣ, ಸ್ಪಿರಿಟ್ ಲ್ಯಾಂಪಿನ ಮೇಲೆ ಆಗಾಗ ತೋರಿಸಿ ಬೆಚ್ಚಗೆ ಮಾಡೋದು. ಕುದಿ ಬಂದ್ರೆ ಕಥೆ ಮುಗೀತು. ಗಾಢ ಕೆಂಪಾಗಿರೋ ತುದಿಯ 2-3 ಮಿಲಿಮೀಟರ್ ಮಾತ್ರ ಉಳಿಸಿ ಬಾಕಿದ್ದು ಬಿಸಾಕಿ. ನೀರಿನ ಹನಿ, ಕವರ್ ಸ್ಲಿಪ್, ಮೇಲೆ ಬ್ಲಾಟಿಂಗ್ ಪೇಪರ್, ಹೆಬ್ಬೆರಳಿಂದ ನೇರ ಕೆಳಕ್ಕೆ ಒತ್ತಿ. ಬೆರಳು ಪಕ್ಕಕ್ಕೆ ಜಾರಿದರೆ ಕೋಶಗಳು ಸುತ್ತಿಕೊಂಡು ಹತ್ತಿ ಬತ್ತಿ ಥರ ಆಗುತ್ತೆ.

ಸೋಲೋದು ಎಲ್ಲಿ? ನೂರಕ್ಕೆ ತೊಂಬತ್ತು ಸಲ ತುದಿ ಬದಲು ಕತ್ತರಿಸಿದ ಕಡೆಯನ್ನ ಒತ್ತಿರ್ತಾರೆ. ಅಲ್ಲಿ ಉದ್ದುದ್ದ ಕೋಶ ಕಾಣುತ್ತೆ, ವಿಭಜನೆ ಇರಲ್ಲ. ಇನ್ನು ಸರಿಯಾಗಿ ಬಂದ ಸ್ಲೈಡಲ್ಲೂ ಹೆಚ್ಚಿನ ಕೋಶಗಳು ಇಂಟರ್‌ಫೇಸಲ್ಲೇ, ಅಂದ್ರೆ ಎರಡು ವಿಭಜನೆಗಳ ನಡುವಿನ ಹಂತದಲ್ಲೇ ಇರ್ತವೆ. ಮನುಷ್ಯನ ಕೋಶಚಕ್ರ 24 ಗಂಟೆ ಆದರೆ ವಿಭಜನೆಗೆ ಸುಮಾರು 1 ಗಂಟೆ ಅಂತ ಪುಸ್ತಕದಲ್ಲೇ ಇದೆಯಲ್ಲ, ಇಲ್ಲೂ ಅದೇ ಲೆಕ್ಕಾಚಾರ. ಸ್ಲೈಡು ಕೆಟ್ಟಿದೆ ಅಂತ ತೊಳೆದುಹಾಕೋ ಮುಂಚೆ ಹತ್ತು ಜಾಗ ಸರಿಸಿ ನೋಡಿ. ಮೆಟಾಫೇಸ್ (ಕ್ರೋಮೊಸೋಮ್‌ಗಳು ಕೋಶದ ನಡುವೆ ಸಾಲಾಗಿ ನಿಲ್ಲೋ ಹಂತ) ಒಂದು ಸಿಕ್ಕಿದರೂ ಸಾಕು. ಕ್ರೋಮೊಸೋಮ್ ಎಣಿಸಿದರೆ 16 ಇರಬೇಕು, ಎಣಿಸೋಕಾಗೋಷ್ಟು ಬಿಡಿಬಿಡಿಯಾಗಿ ಹರಡೋದು ಅಪರೂಪ.

ಎಚ್‌ಬಿ ಪೆನ್ಸಿಲ್

ಚಿತ್ರದ ಬಗ್ಗೆ ಯಾರೂ ಹೇಳಿಲ್ಲ. ಇದು ಡ್ರಾಯಿಂಗ್ ಕ್ಲಾಸಲ್ಲ. ಕಲೆಗೆ ಅಂಕ ಇಲ್ಲ, ಅನುಪಾತಕ್ಕೆ ಇದೆ. ಅರ್ಧ ಪುಟದಷ್ಟು ದೊಡ್ಡದು ಬರೆಯಿರಿ. ಒಂದೇ ಎಳೆತದ ತೆಳು ಗೆರೆ, ಕೂದಲು ಕೂದಲಾಗಿ ಗೀಚಬೇಡಿ. ಶೇಡಿಂಗ್ ಬೇಡ, ಬೇಕಿದ್ದರೆ ಚುಕ್ಕೆ. ಹೆಸರಿನ ಗೆರೆಗಳು ಸ್ಕೇಲಿಟ್ಟು ಎಳೆದವು, ಒಂದನ್ನೊಂದು ದಾಟಬಾರದು, ಎಲ್ಲ ಬಲಗಡೆ ಒಂದೇ ನೇರದಲ್ಲಿ ನಿಲ್ಲಬೇಕು, ಭಾಗಕ್ಕೆ ಮುಟ್ಟಬೇಕು. ಭಾಗದ ಹತ್ತಿರ ಹೋಗಿ ಗಾಳಿಯಲ್ಲಿ ನಿಂತ ಗೆರೆಗೆ ಅಂಕ ಹೋಗುತ್ತದೆ. ಕೆಳಗೆ ಶೀರ್ಷಿಕೆ, ಸ್ಲೈಡಾದರೆ ಎಷ್ಟು ಪಟ್ಟು ಎಂಬುದು.

ಕೈ ಓಡದವರು ಚಿತ್ರವನ್ನು ಆಕಾರಗಳಾಗಿ ಕಲಿಯಿರಿ. ನೆಫ್ರಾನ್ ಅಂದರೆ ಒಂದು ಬಟ್ಟಲು, ಒಂದು ಸಿಕ್ಕು, ಒಂದು ಹೇರ್‌ಪಿನ್, ಇನ್ನೊಂದು ಸಿಕ್ಕು, ಒಂದು ಕೊಳವೆ. ಐದು ಸಲ ನೋಡದೆ ಬರೆದರೆ ಬರುತ್ತದೆ. ಹೃದಯ, ನೆಫ್ರಾನ್, ನ್ಯೂರಾನ್, ಸಾರ್ಕೊಮಿಯರ್, ಮೈಟೊಕಾಂಡ್ರಿಯಾ, ಕ್ಲೋರೊಪ್ಲಾಸ್ಟ್, ಮೈಟೊಸಿಸ್ ಹಂತಗಳು. ಇಷ್ಟು ಕೈಯಲ್ಲಿದ್ದರೆ ಬಹುಪಾಲು ಮುಗಿಯಿತು.

ವೈಜ್ಞಾನಿಕ ಹೆಸರು ಬರೆಯುವುದಕ್ಕೂ ನಿಯಮ ಇದೆ. ಮಾವಿನ ಹೆಸರು ಮ್ಯಾಂಜಿಫೆರಾ ಇಂಡಿಕಾ. ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲ ಪದಕ್ಕೆ ದೊಡ್ಡಕ್ಷರ, ಎರಡನೆಯದಕ್ಕೆ ಸಣ್ಣಕ್ಷರ. ಕೈಬರಹದಲ್ಲಿ ಎರಡಕ್ಕೂ ಬೇರೆ ಬೇರೆ ಅಡಿಗೆರೆ, ಒಂದೇ ಉದ್ದ ಗೆರೆ ಅಲ್ಲ.

ರೆಕಾರ್ಡನ್ನು ಆಯಾ ವಾರವೇ ಸಹಿ ಮಾಡಿಸಿಕೊಳ್ಳಿ. ಫೆಬ್ರವರಿಯಲ್ಲಿ ಇಪ್ಪತ್ತು ಪ್ರಯೋಗ ಒಟ್ಟಿಗೆ ನಕಲು ಮಾಡುವ ಹೊತ್ತಿಗೆ ಕಂಡದ್ದೆಲ್ಲ ಮರೆತಿರುತ್ತದೆ.

ಪಿಸಿಎಂಬಿ_ಹೊಸಬಳು

ಕಪ್ಪೆ ಇಲ್ಲ ಅಂತ ಕೇಳಿ ಸಮಾಧಾನ ಆಯ್ತು. ಎರಡು ಪ್ರಶ್ನೆ. ಪತ್ರರಂಧ್ರ ನೋಡೋಕೆ ಎಲೆಯ ಸಿಪ್ಪೆ ತೆಗೀಬೇಕು ಅಂತಾರೆ, ಯಾವ ಎಲೆ ತಗೊಂಡ್ರೂ ಹರಿದುಹೋಗುತ್ತೆ. ಯಾವುದು ಸುಲಭ? ಮತ್ತೆ ಈ ವರ್ಗೀಕರಣ, ಮಾರ್ಫಾಲಜಿ (ಹೂಗಿಡಗಳ ಹೊರರಚನೆ) ಅಧ್ಯಾಯಗಳ ಪುಟ ತಿರುವಿದರೆ ಬರೀ ಹೆಸರುಗಳೇ. ಅದನ್ನ ಹೇಗೆ ನೆನಪಿಡೋದು?

ಹೂವಿನಂಗಡಿ

ಸಿಪ್ಪೆಗೆ ರಿಯೋ ಗಿಡ. ಬೆಂಗಳೂರಿನ ಪಾರ್ಕುಗಳ ಅಂಚಿಗೆ, ಅಪಾರ್ಟ್‌ಮೆಂಟುಗಳ ಮುಂದೆ ಸಾಲಾಗಿ ನೆಟ್ಟಿರುತ್ತಾರಲ್ಲ, ಮೇಲೆ ಹಸಿರು ಕೆಳಗೆ ನೇರಳೆ ಬಣ್ಣದ ಕತ್ತಿಯಂಥ ಎಲೆ, ಅದೇ. ಬೆಳಗಿನ ತಾಜಾ ಎಲೆಯನ್ನು ನೇರಳೆ ಭಾಗ ಮೇಲೆ ಬರುವಂತೆ ಹಿಡಿದು, ಓರೆಯಾಗಿ ಮುರಿದು ಎಳೆಯಿರಿ. ಹರಿದ ಅಂಚಿನಲ್ಲಿ ನೇರಳೆ ಪೊರೆ ತೆಳ್ಳಗೆ ಇಣುಕುತ್ತದೆ. ಅಷ್ಟೇ ಸಾಕು, ನೀರಿನ ಹನಿಗೆ ಹಾಕಿ. ಬಣ್ಣ ಹಾಕುವ ಗೋಜಿಲ್ಲ: ಸುತ್ತ ನೇರಳೆ ಕೋಶಗಳು, ನಡುವೆ ಹಸಿರು ಕಾವಲು ಕೋಶಗಳು ಎದ್ದು ಕಾಣುತ್ತವೆ. ಬಾಡಿದ ಎಲೆಯಾದರೆ ಸಿಪ್ಪೆ ಬರುವುದಿಲ್ಲ. ಅದೇ ಸ್ಲೈಡಿನ ಅಂಚಿಗೆ ಗಟ್ಟಿ ಉಪ್ಪುನೀರಿನ ಹನಿ ಬಿಟ್ಟು, ಎದುರು ಅಂಚಿನಿಂದ ಬ್ಲಾಟಿಂಗ್ ಪೇಪರಲ್ಲಿ ಎಳೆದರೆ ಕೆಲವೇ ನಿಮಿಷದಲ್ಲಿ ನೇರಳೆ ಬಣ್ಣ ಗೋಡೆ ಬಿಟ್ಟು ಒಳಕ್ಕೆ ಮುದುಡುತ್ತದೆ. ಅದೇ ಪ್ಲಾಸ್ಮಾಲಿಸಿಸ್. ಪುಸ್ತಕದಲ್ಲಿ ಎರಡು ಸಾಲು, ಕಣ್ಣಲ್ಲಿ ನೋಡಿದರೆ ಮರೆಯುವ ಪ್ರಶ್ನೆಯೇ ಇಲ್ಲ. ಬೇಗ ಬರೀ ನೀರು ಹಾಯಿಸಿದರೆ ಮತ್ತೆ ಉಬ್ಬುತ್ತದೆ.

ಸಿಪ್ಪೆ ಏಳದ ಎಲೆಗಳಿಗೆ ಬಣ್ಣವಿಲ್ಲದ ನೈಲ್ ಪಾಲಿಶ್. ತೆಳ್ಳಗೆ ಬಳಿದು, ಪೂರಾ ಒಣಗಿದ ಮೇಲೆ ಸೆಲ್ಲೊಟೇಪ್ ಅಂಟಿಸಿ ಎತ್ತಿ, ಸ್ಲೈಡಿಗೆ ಹಚ್ಚಿ. ಸಿಗುವುದು ಅಚ್ಚು ಮಾತ್ರ, ಕೋಶ ಅಲ್ಲ. ಎಣಿಸುವುದಕ್ಕೆ ಸಾಕು. ದಾಸವಾಳದ ಎಲೆಯ ಮೇಲ್ಭಾಗ, ಕೆಳಭಾಗ ಎರಡರಲ್ಲೂ ಎಣಿಸಿ, ಕೆಳಗೇ ಜಾಸ್ತಿ. ಹುಲ್ಲಿನಲ್ಲಿ ಎರಡೂ ಕಡೆ ಹೆಚ್ಚುಕಡಿಮೆ ಸಮ, ಕಾವಲು ಕೋಶ ಹುರುಳಿಬೀಜದ ಆಕಾರ ಬಿಟ್ಟು ಡಂಬೆಲ್ ಥರ.

ಇನ್ನು ಹೆಸರುಗಳು. ಮಾರ್ಫಾಲಜಿ ಅಧ್ಯಾಯವನ್ನು ಕೋಣೆಯಲ್ಲಿ ಕೂತು ಓದುವುದೇ ತಪ್ಪು. ಅದರಲ್ಲಿರುವ ಮುಕ್ಕಾಲು ಗಿಡ ನಮ್ಮ ಬೀದಿಯಲ್ಲೇ ಇವೆ. ಒಂದು ದಾಸವಾಳ ಕಿತ್ತು ತನ್ನಿ. ಐದೆಸಳಿನ ಒಂಟಿ ಹೂವೇ ಆಗಬೇಕು. ಮುದ್ದೆ ದಾಸವಾಳ ತಂದರೆ ಕೇಸರಗಳು ಎಸಳಾಗಿ ಬದಲಾಗಿರುತ್ತವೆ, ಲೆಕ್ಕ ಕೂಡುವುದಿಲ್ಲ. ಹಸಿರು ಪುಷ್ಪಪಾತ್ರೆಯ ಕೆಳಗೆ ಇನ್ನೊಂದು ಸಣ್ಣ ಹಸಿರು ಸುತ್ತು ಇದೆಯಲ್ಲ, ಅದು ಎಪಿಕ್ಯಾಲಿಕ್ಸ್. ಮೊಗ್ಗನ್ನು ಅಡ್ಡ ಕೊಯ್ದರೆ ಪ್ರತಿ ಎಸಳಿನ ಒಂದು ಅಂಚು ಪಕ್ಕದ್ದರ ಮೇಲೆ, ಇನ್ನೊಂದು ಅಂಚು ಕೆಳಗೆ: ಟ್ವಿಸ್ಟೆಡ್. ಕೇಸರಗಳೆಲ್ಲ ಕೂಡಿ ಒಂದೇ ಕೊಳವೆ: ಮೊನಾಡೆಲ್ಫಸ್. ಆ ಕೊಳವೆಯನ್ನು ಉದ್ದಕ್ಕೆ ಸೀಳಿದರೆ ಒಳಗೆ ಶಲಾಕೆ, ತುದಿಯಲ್ಲಿ ಐದು ಶಲಾಕಾಗ್ರ. ಬುಡದಲ್ಲಿ ಅಂಡಾಶಯ, ಉಳಿದ ಭಾಗಗಳು ಹುಟ್ಟುವ ಜಾಗಕ್ಕಿಂತ ಮೇಲೆ ಕೂತಿದೆ, ಹಾಗಾಗಿ ಸುಪೀರಿಯರ್. ಅಂಡಾಶಯವನ್ನು ಬ್ಲೇಡಿನಿಂದ ನಡುಮಧ್ಯ ಅಡ್ಡ ಕೊಯ್ಯಿರಿ: ಐದು ಕೋಣೆ, ಬೀಜಾಂಡಗಳು ನಡುಕಂಬಕ್ಕೆ ಅಂಟಿವೆ, ಆಕ್ಸೈಲ್. ಐದು ಪದ ಒಂದೇ ಹೂವಲ್ಲಿ ಮುಗಿದವು.

ಉಳಿದದ್ದು ಅಡುಗೆಮನೆಯಲ್ಲಿದೆ. ಟೊಮೆಟೊ, ನಿಂಬೆ ಅಡ್ಡ ಕೊಯ್ದರೆ ಆಕ್ಸೈಲ್. ಬಟಾಣಿ ಸಿಪ್ಪೆ ಬಿಡಿಸಿದರೆ ಒಂದೇ ಅಂಚಿಗೆ ಸಾಲುಗಟ್ಟಿದ ಕಾಳು, ಮಾರ್ಜಿನಲ್. ಸೀಬೆಕಾಯಿ, ಸೌತೆಕಾಯಿ ಇನ್ಫೀರಿಯರ್, ಅಂದರೆ ಉಳಿದ ಭಾಗಗಳಿಗಿಂತ ಕೆಳಗಿರುವ ಅಂಡಾಶಯದಿಂದ ಬಂದವು. ಸೀಬೆಯ ತುದಿಯಲ್ಲಿ ಒಣಗಿದ ಪುಷ್ಪಪತ್ರಗಳ ಕಿರೀಟ ಉಳಿದಿರುವುದು ಅದಕ್ಕೇ. ಬದನೆಯಲ್ಲಿ ಅದೇ ಕಿರೀಟ ತೊಟ್ಟಿನ ಕಡೆ ಇದೆ, ಯಾಕೆಂದರೆ ಅದು ಸುಪೀರಿಯರ್. ಬದನೆ ಹೂವು ಹೇಗೂ ಬೇಕು, ಅದರ ಕುಟುಂಬ ಸೊಲನೇಸಿ ಪರೀಕ್ಷೆಗೆ ಖಾಯಂ ಗಿರಾಕಿ. ಕೇಸರಗಳು ಎಸಳಿಗೆ ಅಂಟಿಕೊಂಡಿರುವುದನ್ನು ಎಸಳು ಕಿತ್ತಾಗಲೇ ನೋಡಬಹುದು, ಜೊತೆಗೇ ಬರುತ್ತವೆ. ಉಮ್ಮತ್ತದ ಹೂವೂ ಇದೇ ಕುಟುಂಬ, ದೊಡ್ಡದಿರುವುದರಿಂದ ಬಿಡಿಸುವುದು ಸುಲಭ, ಆದರೆ ಗಿಡಪೂರ್ತಿ ವಿಷ. ಕೈ ತೊಳೆಯದೆ ಕಣ್ಣು ಮುಟ್ಟಬೇಡಿ. ಖಾಲಿ ಸೈಟುಗಳಲ್ಲಿ ಬೆಳೆಯುವ ಎಕ್ಕದ ಮೊಗ್ಗಲ್ಲಿ ಎಸಳುಗಳು ಅಂಚಿಗೆ ಅಂಚು ತಾಗಿ ನಿಂತಿರುತ್ತವೆ, ಒಂದರ ಮೇಲೊಂದು ಬರುವುದಿಲ್ಲ: ವಾಲ್ವೇಟ್. ಕೆ.ಆರ್. ಮಾರ್ಕೆಟ್ಟಿನಿಂದ ಚೆಂಡುಹೂವೋ ಸೇವಂತಿಗೆಯೋ ತಂದು "ಹೂವು" ಎಂದು ಬಿಡಿಸಲು ಕೂರಬೇಡಿ. ಅದು ನೂರಾರು ಪುಟ್ಟ ಹೂಗಳ ಗೊಂಚಲು, ಎಸಳು ಎಂದುಕೊಂಡ ಒಂದೊಂದೂ ಒಂದು ಹೂವು.

ಸಸ್ಯಸಾಮ್ರಾಜ್ಯಕ್ಕೆ ಜುಲೈ ಮಳೆ ಸಾಕು. ಹಳೇ ಕಾಂಪೌಂಡ್ ಗೋಡೆಯ ಮೇಲೆ ಹಸಿರು ಮಖಮಲ್ಲಿನಂತೆ ಹಬ್ಬುವ ಪಾಚಿ ಇದೆಯಲ್ಲ, ಹೆಸರಿಗೆ ಪಾಚಿ, ಅದು ಮಾಸ್. ಹತ್ತಿರ ಹೋಗಿ ನೋಡಿ: ಸಣ್ಣ ಎಲೆಗಳ ಹಸಿರು ಭಾಗ, ಅದರ ನೆತ್ತಿಯಿಂದ ಎದ್ದ ಕಂದು ಕಡ್ಡಿ, ತುದಿಯಲ್ಲಿ ಪುಟ್ಟ ಗುಂಡಿಗೆ. ಹಸಿರು ಭಾಗ ಗ್ಯಾಮಿಟೊಫೈಟ್, ಕ್ರೋಮೊಸೋಮ್ ಒಂದೇ ಸೆಟ್ಟು. ಕಡ್ಡಿ ಮತ್ತು ಗುಂಡಿಗೆ ಸ್ಪೋರೊಫೈಟ್, ಎರಡು ಸೆಟ್ಟು, ಊಟಕ್ಕೆ ತಾಯಿಯನ್ನೇ ನಂಬಿಕೊಂಡಿದೆ. ಕುಂಡದ ಫರ್ನ್ ತಿರುಗಿಸಿ ನೋಡಿ, ಎಲೆಯಡಿ ಕಂದು ಚುಕ್ಕೆಗಳ ಸಾಲು, ಸೋರೈ. ಅಲ್ಲಿ ಲೆಕ್ಕ ತಿರುಗುಮುರುಗು: ನಾವು ನೋಡುವ ಗಿಡವೇ ಸ್ಪೋರೊಫೈಟ್. ಈ ತಿರುಗುಮುರುಗು ಅರ್ಥವಾದರೆ ಆ ಅಧ್ಯಾಯದ ಅರ್ಧ ಮುಗಿಯಿತು. ಬೀಜ ಬಿಡುವ ಆದರೆ ಹಣ್ಣು ಬಿಡದ ಗಿಡಗಳಿಗೆ ಲಾಲ್‌ಬಾಗ್‌ಗೆ ಹೋಗಿ: ಸೈಕಸ್, ಅರೌಕೇರಿಯಾ ಎರಡೂ ಇವೆ. ಸೈಕಸನ್ನು ತಾಳೆಯ ತಮ್ಮ ಅಂದುಕೊಳ್ಳುವುದು ಸಾಮಾನ್ಯ ತಪ್ಪು. ಅಲ್ಲಿ ಏನನ್ನೂ ಕೀಳುವಂತಿಲ್ಲ, ಫೋಟೊ ತೆಗೆಯಿರಿ.

ಕಂಡೆನ್ಸರ್

40ಎಕ್ಸ್ ಅವರೇ, ಒಂದು ತಿದ್ದುಪಡಿ. ಕನ್ನಡಿಯ ತಗ್ಗಾದ ಬದಿ ಎಲ್ಲ ಮೈಕ್ರೊಸ್ಕೋಪಿಗೂ ಅಲ್ಲ. ವೇದಿಕೆಯ ಕೆಳಗೆ ಕಂಡೆನ್ಸರ್ ಲೆನ್ಸ್ ಇದ್ದರೆ ಸಪಾಟು ಬದಿಯೇ ಸರಿ, ಬೆಳಕು ಕೂಡಿಸುವ ಕೆಲಸ ಅದೇ ಮಾಡುತ್ತದೆ. ಕಂಡೆನ್ಸರ್ ಇಲ್ಲದ ಸಾದಾ ಮಾದರಿಗೆ ಮಾತ್ರ ತಗ್ಗು ಬದಿ. ಮತ್ತೆ ಬಣ್ಣ ಹಾಕದ ಸ್ಲೈಡಿಗೆ ಬೆಳಕು ಹೆಚ್ಚಿಸುವುದಲ್ಲ, ಡಯಾಫ್ರಮ್ ಮುಚ್ಚಿ ಕಡಿಮೆ ಮಾಡಬೇಕು. ಆಗಲೇ ಅಂಚು ಕಾಣುವುದು.

40ಎಕ್ಸ್

ಹೌದು, ಸರಿ. ಸಾದಾ ಮಾದರಿ ತಲೇಲಿಟ್ಟುಕೊಂಡು ಬರೆದೆ.

ನೀಲಿ ದ್ರಾವಣ

ರಾಸಾಯನಿಕ ಪರೀಕ್ಷೆಗಳೂ ಲ್ಯಾಬಿನಲ್ಲಿ ಇವೆ, ಅಂಕ ಸುಲಭವಾಗಿ ಹೋಗುವುದೂ ಇಲ್ಲೇ.

ಸಕ್ಕರೆಗೆ ಬೆನೆಡಿಕ್ಟ್ ಪರೀಕ್ಷೆ: 5 ಮಿಲಿಲೀಟರ್ ನೀಲಿ ದ್ರಾವಣಕ್ಕೆ 8 ಹನಿ ಮಾದರಿ, ಕುದಿಯುವ ನೀರಿನಲ್ಲಿ ಪ್ರಣಾಳ ಇಟ್ಟು ಕಾಯಿಸಬೇಕು. ಸಕ್ಕರೆ ಪ್ರಮಾಣ ಏರಿದಂತೆ ಹಸಿರು, ಹಳದಿ, ಕಿತ್ತಳೆ, ಇಟ್ಟಿಗೆ ಕೆಂಪು. ಮನೆಯ ಬಿಳಿ ಸಕ್ಕರೆ ಕರಗಿಸಿ ತಂದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಪರೀಕ್ಷೆ ಕೆಟ್ಟಿಲ್ಲ, ಸುಕ್ರೋಸ್ ಅಪಕರ್ಷಕ ಸಕ್ಕರೆಯಲ್ಲ. ದ್ರಾಕ್ಷಿರಸ, ಜೇನು, ಹಾಲು ಕೆಂಪಿನತ್ತ ಹೋಗುತ್ತವೆ. ವೈವಾದಲ್ಲಿ ಇದನ್ನೇ ಕೇಳುತ್ತಾರೆ.

ಪಿಷ್ಟಕ್ಕೆ ಅಯೋಡಿನ್: ಗಂಜಿ ಬಿಸಿಯಿದ್ದರೆ ಕಡುನೀಲಿ ಮೂಡುವುದಿಲ್ಲ, ಆರಿಸಿ ಹಾಕಿ. ಪ್ರೋಟೀನಿಗೆ ಬೈಯೂರೆಟ್: ಮೊದಲು ಕ್ಷಾರ, ಆಮೇಲೆ 1% ತಾಮ್ರದ ಸಲ್ಫೇಟ್ ಎರಡು-ಮೂರು ಹನಿ ಮಾತ್ರ. ಜಾಸ್ತಿ ಸುರಿದರೆ ಅದರದೇ ನೀಲಿ ನೇರಳೆಯನ್ನು ನುಂಗುತ್ತದೆ.

ಆಲೂಗಡ್ಡೆ ಆಸ್ಮೊಸಿಸ್ (ಪೊರೆಯ ಮೂಲಕ ನೀರು ಹಾಯುವುದು): ಸಿಪ್ಪೆ ತೆಗೆದು, ಬುಡ ಸಮ ಮಾಡಿ, ನಡುವೆ ಗುಳಿ ಕೊರೆದು, ಅರ್ಧಕ್ಕೆ 20% ಸಕ್ಕರೆ ದ್ರಾವಣ ಹಾಕಿ, ಮಟ್ಟಕ್ಕೆ ಗುಂಡುಸೂಜಿ ಚುಚ್ಚಿ ನೀರಲ್ಲಿಡಿ. ಬುಡ ದಪ್ಪ ಉಳಿದರೆ ಒಂದು ಗಂಟೆಯಾದರೂ ಮಟ್ಟ ಅಲುಗುವುದಿಲ್ಲ, ತೂತಾದರೆ ಒಮ್ಮೆಲೇ ತುಂಬುತ್ತದೆ. ಬೇಯಿಸಿದ ಆಲೂಗಡ್ಡೆಯಲ್ಲೂ ಒಂದು ಇಟ್ಟು ಹೋಲಿಸಿದರೆ ಯಾಕೆ ಆಗುವುದಿಲ್ಲ ಎಂದು ಯೋಚಿಸಿ: ಪೊರೆ ಸತ್ತಿರುತ್ತದೆ.

ಎಲೆಬಣ್ಣಗಳನ್ನು ಬೇರ್ಪಡಿಸುವ ಕ್ರೊಮ್ಯಾಟೊಗ್ರಫಿಗೆ ಪಾಲಕ್ ಸೊಪ್ಪನ್ನು ಅಸಿಟೋನಿನಲ್ಲಿ ಅರೆದು, ಕಾಗದದ ಪಟ್ಟಿಯ ಕೆಳತುದಿಯಿಂದ 2-3 ಸೆಂಟಿಮೀಟರ್ ಮೇಲೆ ಚುಕ್ಕೆ ಇಡುತ್ತಾರೆ. ಗುರುತಿನ ಗೆರೆ ಪೆನ್ಸಿಲಿನದೇ ಇರಬೇಕು, ಪೆನ್ನಿನ ಶಾಯಿ ಬಣ್ಣಗಳ ಜೊತೆ ತಾನೂ ಹತ್ತುತ್ತದೆ. ಒಂದು ಹನಿ, ಒಣಗಲಿ, ಅಲ್ಲೇ ಇನ್ನೊಂದು ಹನಿ, ಹೀಗೆ ಹತ್ತಾರು ಸಲ. ಚುಕ್ಕೆ ಚಿಕ್ಕದು, ಬಣ್ಣ ಗಾಢ. ಪೆಟ್ರೋಲಿಯಂ ಈಥರ್ 9, ಅಸಿಟೋನ್ 1 ಭಾಗದ ದ್ರಾವಣದ ಮಟ್ಟ ಚುಕ್ಕೆಗಿಂತ ಕೆಳಗಿರಬೇಕು. ಚುಕ್ಕೆ ಮುಳುಗಿದರೆ ಬಣ್ಣ ಮೇಲೇರದೆ ಜಾಡಿಗೇ ಕರಗಿಹೋಗುತ್ತದೆ. ಮೇಲಿನಿಂದ ಕ್ಯಾರೊಟೀನ್, ಜ್ಯಾಂತೊಫಿಲ್, ನೀಲಿ ಹಸಿರು ಕ್ಲೋರೊಫಿಲ್ ಎ, ಹಳದಿ ಹಸಿರು ಕ್ಲೋರೊಫಿಲ್ ಬಿ. ಹತ್ತಿರದಲ್ಲಿ ಬೆಂಕಿ ಇರಲೇಬಾರದು.

ಎಡಹೃತ್ಕುಕ್ಷಿ

ಮನುಷ್ಯನ ಶರೀರಕ್ರಿಯೆ ಅಧ್ಯಾಯಗಳು ಓದಲು ಸಲೀಸು, ಅದಕ್ಕೇ ಕೊನೆಗೆ ಇಟ್ಟುಕೊಂಡು ಮೋಸಹೋಗುತ್ತಾರೆ. ಅಂಕಿಗಳನ್ನು ಬಿಡಿಬಿಡಿಯಾಗಿ ಕಲಿಯಬೇಡಿ, ಒಂದರಿಂದ ಒಂದನ್ನು ತೆಗೆಯಿರಿ. ಹೃದಯ ನಿಮಿಷಕ್ಕೆ 72 ಸಲ ಬಡಿಯುತ್ತದೆ, ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್. ಗುಣಿಸಿ: 5,040, ಅಂದರೆ ನಿಮಿಷಕ್ಕೆ 5 ಲೀಟರ್. 60 ಸೆಕೆಂಡನ್ನು 72ರಿಂದ ಭಾಗಿಸಿದರೆ ಒಂದು ಹೃದಯಚಕ್ರದ 0.8 ಸೆಕೆಂಡ್. ಎರಡು ನೆನಪಿಟ್ಟರೆ ನಾಲ್ಕು ಸಿಗುತ್ತವೆ.

ಹತ್ತನೆಯಿಂದ ಹೊತ್ತು ತರುವ ತಪ್ಪುಗಳನ್ನು ಮೊದಲೇ ಇಳಿಸಿಬಿಡಿ. ಅಪಧಮನಿಯಲ್ಲೆಲ್ಲ ಆಮ್ಲಜನಕದ ರಕ್ತ ಎಂಬುದು ತಪ್ಪು. ಹೃದಯದಿಂದ ಹೊರಗೆ ಒಯ್ಯುವುದು ಅಪಧಮನಿ. ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಆಮ್ಲಜನಕ ಕಡಿಮೆ. ಗಿಡಗಳು ರಾತ್ರಿ ಮಾತ್ರ ಉಸಿರಾಡುತ್ತವೆ ಎಂಬುದೂ ತಪ್ಪು, ಹಗಲೂ ಉಸಿರಾಡುತ್ತವೆ. ದ್ಯುತಿಸಂಶ್ಲೇಷಣೆಯಲ್ಲಿ ಹೊರಬರುವ ಆಮ್ಲಜನಕ ಇಂಗಾಲದ ಡೈಆಕ್ಸೈಡಿನದಲ್ಲ, ನೀರಿನದು. ಈ ಮೂರರ ಮೇಲೆ ಬಹುಆಯ್ಕೆ ಪ್ರಶ್ನೆ ಬರದ ವರ್ಷ ಕಡಿಮೆ.

ಕಷ್ಟದ ಅಧ್ಯಾಯ ಯಾವುದು ಅಂತ ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ದ್ಯುತಿಸಂಶ್ಲೇಷಣೆ, ಉಸಿರಾಟ, ಜೈವಿಕ ಅಣುಗಳು. ಮೂರಕ್ಕೂ ಕೆಮಿಸ್ಟ್ರಿ ಬೇಕು, ಆ ಕೆಮಿಸ್ಟ್ರಿ ಕ್ಲಾಸಿನಲ್ಲಿ ಇನ್ನೂ ಆಗಿರುವುದಿಲ್ಲ. ಒಂದು ಗ್ಲೂಕೋಸಿಗೆ ಕ್ಯಾಲ್ವಿನ್ ಚಕ್ರ (ದ್ಯುತಿಸಂಶ್ಲೇಷಣೆಯಲ್ಲಿ ಸಕ್ಕರೆ ಕಟ್ಟುವ ಹಂತ) 6 ಸುತ್ತು, ಶಕ್ತಿ ಒದಗಿಸುವ ಅಣುಗಳು 18 ಎಟಿಪಿ, 12 ಎನ್‌ಎಡಿಪಿಎಚ್. ಈ ಲೆಕ್ಕವನ್ನು ಒಂದು ಸುತ್ತಿನಿಂದ ಶುರುಮಾಡಿ ನೀವೇ ಹಾಕಿ ನೋಡಿ.

ಸಿಇಟಿ, ನೀಟ್ ಬಗ್ಗೆ ಎರಡೇ ಮಾತು. ಸಿಇಟಿಯಲ್ಲಿ ಬಯಾಲಜಿ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಅಂಕ ಕಳೆಯುವುದಿಲ್ಲ. ನೀಟ್‌ನಲ್ಲಿ 180ರಲ್ಲಿ 90 ಬಯಾಲಜಿ, ಸರಿಗೆ 4, ತಪ್ಪಿಗೆ 1 ಕಡಿತ. ಕನ್ನಡದಲ್ಲೂ ಬರೆಯಬಹುದು, ಪ್ರಶ್ನೆಪತ್ರಿಕೆ ಇಂಗ್ಲಿಷ್ ಜೊತೆಗೆ ಕೊಡುತ್ತಾರೆ. ಎರಡಕ್ಕೂ ಫಸ್ಟ್ ಪಿಯು ಪಾಠಗಳು ಸೇರುತ್ತವೆ, ಹಾಗಾಗಿ ಪರೀಕ್ಷೆ ಮುಗಿದ ಮೇಲೆ ಪುಸ್ತಕ ಮಾರಬೇಡಿ. ದಪ್ಪ ಗೈಡುಗಳನ್ನು ಈಗಲೇ ಕೊಳ್ಳುವುದು ವ್ಯರ್ಥ. ಪಠ್ಯದ ಚಿತ್ರಗಳ ಕೆಳಗಿನ ಸಾಲುಗಳನ್ನು ಎಷ್ಟು ಜನ ಓದುತ್ತಾರೆ ಹೇಳಿ?

ಪಿಸಿಎಂಬಿ_ಹೊಸಬಳು

ತುಂಬಾ ಥ್ಯಾಂಕ್ಸ್. ಈರುಳ್ಳಿ ಬಾಟಲಿ ಮೇಲೆ ಕೂತಿದೆ, ಕನ್ನಡ-ಇಂಗ್ಲಿಷ್ ಎರಡೂ ಪುಸ್ತಕ ಪಕ್ಕದಲ್ಲಿ. ಒಂದು ಸಣ್ಣ ಡೌಟು: ಅಂಗಡಿಯ ಈರುಳ್ಳಿಗೆ ಬುಡವನ್ನೇ ನೀಟಾಗಿ ಕತ್ತರಿಸಿಬಿಟ್ಟಿದ್ದಾರೆ, ಬೇರು ಬರುತ್ತಾ?

40ಎಕ್ಸ್

ಬುಡದ ಗಟ್ಟಿ ತಟ್ಟೆ ಉಳಿದಿದ್ದರೆ ಬರುತ್ತೆ. ಪದರಗಳ ಉಂಗುರ ಕಾಣೋಷ್ಟು ಕತ್ತರಿಸಿದ್ದರೆ ಬರಲ್ಲ, ಬೇರು ಹುಟ್ಟೋದೇ ಆ ತಟ್ಟೆಯಿಂದ. ಒಂದರ ಬದಲು ಮೂರು ಇಡಿ, ಒಂದಾದ್ರೂ ಕೈ ಹಿಡಿಯುತ್ತೆ.